ಗ್ಯಾರೇಜಿಗೆ ಶೆಡ್: 11 ತಿಂಗಳ ಅಗ್ರಿಮೆಂಟ್ ಸಾಕಾ?

ಪ್ರಶ್ನೆ: ಸರ್, ಹನ್ನೆರಡು ವರ್ಷದಿಂದ ಬೇರೆಯವರ ಗ್ಯಾರೇಜಲ್ಲಿ ಕಾರ್ ಮೆಕ್ಯಾನಿಕ್ ಆಗಿದ್ದೇನೆ. ಈಗ ಸ್ವಂತದ್ದು ಮಾಡೋಣ ಅಂತ ಪೀಣ್ಯ ಎರಡನೇ ಹಂತದಲ್ಲಿ 1,200 ಚದರ ಅಡಿಯ ಶೀಟ್ ಶೆಡ್ ನೋಡಿದ್ದೇನೆ. ಬಾಡಿಗೆ 30 ಸಾವಿರ, ಅಡ್ವಾನ್ಸ್ 3 ಲಕ್ಷ. ಕಾರು ಎತ್ತುವ ಎರಡು ಕಂಬದ ಟೂ ಪೋಸ್ಟ್ ಲಿಫ್ಟ್ ಹಾಕಿಸಬೇಕು. ಓನರ್ "11 ತಿಂಗಳ ಅಗ್ರಿಮೆಂಟ್ ಸಾಕು, ಆಮೇಲೆ ಮುಂದುವರಿಸೋಣ" ಅಂತಾರೆ. ಒಪ್ಪಿಕೊಳ್ಳಲಾ?
- ಓದುಗ, ಲಗ್ಗೆರೆ

ಉತ್ತರ: ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ ತಾನೆ? ಹಾಗಾದ್ರೆ ಒಪ್ಪಬೇಡಿ. ಮನೆ ಬಾಡಿಗೆಗೆ 11 ತಿಂಗಳು ಸರಿ, ಮಂಚ ಬೀರು ಎತ್ತಿಕೊಂಡು ಹೊರಡಬಹುದು. ನೀವು ನೆಲಕ್ಕೆ ಬೋಲ್ಟ್ ಹೊಡೆಯುವವರು. ಆ 11 ತಿಂಗಳು ಮುಗಿದ ಮೇಲೆ ಹೊಸ ಕಾಗದ ಇಲ್ಲದೆ ಸುಮ್ನೆ ಮುಂದುವರಿದರೆ, ಸಾಮಾನ್ಯವಾಗಿ ತಿಂಗಳ ಬಾಡಿಗೆಗೆ ಇದ್ದ ಲೆಕ್ಕ, 15 ದಿನದ ನೋಟಿಸ್ ಕೊಟ್ಟು ಬಿಡಿಸಬಹುದು. ಗಿರಾಕಿ ಕುದುರುವುದೇ ಒಂದು ವರ್ಷ ಆದಮೇಲೆ, ಅಲ್ವಾ? ಕನಿಷ್ಠ ಐದು ವರ್ಷ ಕೇಳಿ. ಒಂದು ವರ್ಷ ಮೀರಿದ ಲೀಸ್ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ನೋಂದಣಿ ಆಗಲೇಬೇಕು, ಓನರ್‌ಗಳು 11ಕ್ಕೆ ನಿಲ್ಲಿಸುವುದೇ ಆ ಖರ್ಚು ಉಳಿಸೋಕೆ. ಖರ್ಚು ಅರ್ಧ ನಾನು ಹಾಕ್ತೀನಿ ಅನ್ನಿ, ಎಷ್ಟೋ ಜನ ಒಪ್ಪುತ್ತಾರೆ. (ನಾನು ಹೇಳುತ್ತಿರುವುದು ತಿಂಗಳ ಬಾಡಿಗೆಯ ಲೀಸ್. ನಮ್ಮೂರಲ್ಲಿ ಲೀಸ್ ಅಂದ ತಕ್ಷಣ ಜನ ಭೋಗ್ಯ ಅಂದುಕೊಳ್ಳುತ್ತಾರೆ.) ವರ್ಷಕ್ಕೆ ಎಷ್ಟು ಪರ್ಸೆಂಟ್ ಏರಿಕೆ ಅನ್ನುವುದೂ ಅದರಲ್ಲೇ ಇರಲಿ.

ಇನ್ನು ಶೆಡ್. ಟೇಪು, ಸುತ್ತಿಗೆ ತಗೊಂಡು ಇನ್ನೊಮ್ಮೆ ಹೋಗಿ. ಲಿಫ್ಟ್ ಆರಡಿ ಎತ್ತುತ್ತೆ, ಮೇಲೆ ಎಸ್‌ಯುವಿ ಇನ್ನೊಂದು ಆರಡಿ. ಶೀಟಿನ ಕೆಳಗಿನ ಕಂಬಿಯ ತನಕ ಅಳೆಯಿರಿ, ಶೀಟಿನ ತನಕ ಅಲ್ಲ. ಪೋಸ್ಟ್ ನಿಲ್ಲುವ ಕಡೆ ಸುತ್ತಿಗೆಯಿಂದ ತಟ್ಟಿ ನೋಡಿ. ಡಬ ಡಬ ಅಂದರೆ ಅಡಿಯಲ್ಲಿ ಪೊಳ್ಳು, ಕಾಂಕ್ರೀಟ್ ಹೊಸದಾಗಿ ಹಾಕಿಸಬೇಕು, ಅದು ಯಾರ ಖರ್ಚು ಅಂತ ಈಗಲೇ ತೀರ್ಮಾನ ಆಗಲಿ.

ಕರೆಂಟ್ ವಿಷಯದಲ್ಲಿ ನಾನೇ ಪೆಟ್ಟು ತಿಂದವನು. ಮೊದಲ ಶೆಡ್ ತಗೊಂಡಾಗ ಗೋಡೆಯ ಮೇಲೆ ತ್ರೀ ಫೇಸ್ ಮೀಟರ್ ಕಂಡು ಖುಷಿಯಾಗಿ ಅಡ್ವಾನ್ಸ್ ಕೊಟ್ಟುಬಿಟ್ಟೆ, ಆಮೇಲೆ ನೋಡಿದರೆ ಹಿಂದಿನ ಬಾಡಿಗೆದಾರ ಬಿಲ್ ಕಟ್ಟದೆ ಹೋಗಿದ್ದಾನೆ, ಲೈನ್ ಕಟ್ ಆಗಿದೆ, ಬಾಕಿ ತೀರುವ ತನಕ ಕೊಡಲ್ಲ ಅಂದರು. ಎರಡು ತಿಂಗಳು ಬಾಡಿಗೆ ಕಟ್ಟಿಕೊಂಡು ಹೊಸ ಕಂಪ್ರೆಸರ್ ಮುಂದೆ ಸ್ಟೂಲ್ ಹಾಕಿ ಕೂತಿದ್ದೆ. ಆದ್ದರಿಂದ ಕೊನೆಯ ಬೆಸ್ಕಾಂ ಬಿಲ್ ಕೇಳಿ. ಬಾಕಿ ಎಷ್ಟು, ಮಂಜೂರಾದ ಲೋಡ್ ಎಷ್ಟು, ಎರಡೂ ಅದರಲ್ಲೇ ಇರುತ್ತೆ. ಲಿಫ್ಟಿಗೆ ಸುಮಾರು 3 ಎಚ್‌ಪಿ, ಕಂಪ್ರೆಸರ್‌ಗೂ ಅಷ್ಟೇ ಅಥವಾ ಜಾಸ್ತಿ. ಲೋಡ್ ಸಾಲದಿದ್ದರೆ ಹೆಚ್ಚಿಸೋಕೆ ಓನರ್ ಸಹಿ ಬೇಕಾಗುತ್ತೆ, ಅಡ್ವಾನ್ಸ್ ಕೈಗೆ ಹೋದಮೇಲೆ ಆ ಸಹಿ ಸಿಗುವುದು ನಿಧಾನ.

ಪೀಣ್ಯ ಅಂದಮೇಲೆ ಕೆಐಎಡಿಬಿ (ಸರ್ಕಾರದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಜಾಗ ಇರಬಹುದು. ಓನರ್ ಹತ್ತಿರ ಸೇಲ್ ಡೀಡ್ ಇದೆಯಾ, ಬರೀ ಲೀಸ್ ಕಮ್ ಸೇಲ್ (ಮೊದಲು ಲೀಸ್, ಷರತ್ತು ಪೂರೈಸಿದ ಮೇಲೆ ಮಾರಾಟ) ಪತ್ರವಾ ನೋಡಿ. ಎರಡನೆಯದಾದರೆ ಮಂಡಳಿಯ ಅನುಮತಿ ಇಲ್ಲದೆ ಬಾಡಿಗೆಗೆ ಕೊಡುವಂತಿಲ್ಲ. ನೀವು ಜಿಎಸ್‌ಟಿ ಮಾಡಿಸಿ ಓನರ್ ಮಾಡಿಸದಿದ್ದರೆ ಬಾಡಿಗೆ ಮೇಲಿನ ಶೇ 18 ತೆರಿಗೆ ನಿಮ್ಮ ತಲೆಗೆ (ಕಾಂಪೋಸಿಷನ್, ಅಂದರೆ ಸಣ್ಣ ವ್ಯಾಪಾರಿಗಳ ಸರಳ ಜಿಎಸ್‌ಟಿ ಯೋಜನೆಯವರಿಗಿಲ್ಲ). ಹಳೇ ಎಂಜಿನ್ ಆಯಿಲ್ ಕಾನೂನಿನ ಲೆಕ್ಕದಲ್ಲಿ ಅಪಾಯಕಾರಿ ತ್ಯಾಜ್ಯ, ಮೋರಿಗೆ ಬಿಡುವ ಹಾಗಿಲ್ಲ, ಡ್ರಮ್ಮಿನಲ್ಲಿ ತುಂಬಿ ಪರವಾನಗಿ ಇದ್ದವರಿಗೇ ಕೊಡಿ. ಪೇಂಟಿಂಗ್, ವಾಟರ್ ವಾಷ್ ಮಾಡುವುದಿದ್ದರೆ ಮಾಲಿನ್ಯ ಮಂಡಳಿಯಲ್ಲಿ ಮೊದಲೇ ವಿಚಾರಿಸಿ.

ಬೀಗದ ಕೈ ತಗೊಳ್ಳುವ ದಿನ ನೆಲದ ಫೋಟೋ ತೆಗೆದಿಡಿ. ಲಿಫ್ಟ್ ನಿಮ್ಮದು, ಬಿಡುವಾಗ ಬಿಚ್ಚಿಕೊಂಡು ಹೋಗುತ್ತೀರಿ ಅಂತ ಅಗ್ರಿಮೆಂಟಲ್ಲಿ ಬರೆಸಿ. ಬೋಲ್ಟಿನ ತೂತು ಯಾರು ಮುಚ್ಚಬೇಕು ಅಂತಲೂ ಬರೆಸಿ. ನಗಬೇಡಿ, ನನ್ನ ಅಡ್ವಾನ್ಸಲ್ಲಿ ಹತ್ತು ತೂತಿಗೆ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡಿದ್ದರು.