ಮೊದಲು ಬಯಲಲ್ಲಿ ಕೂತು ಕೇಳಿ

ಪ್ರಶ್ನೆ: ಮೇಡಂ, ನಮ್ಮದು ಚಳ್ಳಕೆರೆ ತಾಲ್ಲೂಕಿನ ಸಣ್ಣ ಹಳ್ಳಿ. ಅರಳಿಕಟ್ಟೆ ಮುಂದೆ ದೊಡ್ಡ ಬಯಲಿದೆ. ಅರ್ಧ ಬಳ್ಳಾರಿ ಜಾಲಿ, ಇನ್ನರ್ಧ ತಿಪ್ಪೆ. ಸರಿ ಮಾಡಿಸಲು ಪಂಚಾಯಿತಿಯವರು ಒಪ್ಪಿದ್ದಾರೆ. ಹುಡುಗರು ಓಪನ್ ಜಿಮ್ ಅಂತಾರೆ. ಹಿರಿಯರು ಪೂರ್ತಿ ಕಾಂಕ್ರೀಟ್ ಹಾಕಿಸಿ ಕಮಾನು ಕಟ್ಟಿಸೋಣ ಅಂತಾರೆ. ಯಾವುದು ಸರಿ?
– ಯುವಕ ಸಂಘದ ಕಾರ್ಯದರ್ಶಿ

ಉತ್ತರ: ಸದ್ಯಕ್ಕೆ ಎರಡನ್ನೂ ಬದಿಗಿಡಿ. ಆ ಬಯಲನ್ನು ಈಗ ಯಾರ್ಯಾರು ಬಳಸುತ್ತಾರೆ ಅನ್ನೋದೇ ನಿಮ್ಮ ಪತ್ರದಲ್ಲಿ ಇಲ್ಲ. ನನಗೆ ಮೊದಲು ಬೇಕಾದದ್ದು ಅದು.

ಜಗಳೂರು ಕಡೆಯ ಒಂದು ಊರಿಗೆ ಇಂಥದೇ ಕೆಲಸಕ್ಕೆ ಹೋಗಿದ್ದೆ. ಸಭೆಯಲ್ಲಿ ಮಾತಾಡಿದವರೆಲ್ಲ ಗಂಡಸರು. ಕಟ್ಟೆ ಸುತ್ತ ಬೆಂಚು ಬೇಕು ಎಂದರು. ಸಂಜೆ ಹಾಲಿನ ಡೈರಿ ಹತ್ತಿರ ನಿಂತು ನೋಡಿದರೆ ಕಥೆಯೇ ಬೇರೆ. ಕ್ಯಾನು ಹಿಡಿದು ಬಂದ ಹೆಂಗಸರು ತಮ್ಮ ಸರದಿ ಬರುವ ತನಕ ಚರಂಡಿ ಮೇಲಿನ ಚಪ್ಪಡಿ ಮೇಲೆ ಕೂರುತ್ತಿದ್ದರು. ಎದುರಿಗೇ ಕಟ್ಟೆ ಖಾಲಿ ಇತ್ತು. ಯಾರೂ ಅತ್ತ ಹೋಗುತ್ತಿರಲಿಲ್ಲ. ಯಾಕಜ್ಜಿ ಎಂದು ಕೇಳಿದೆ. “ಅಲ್ಲಿ ಗಂಡಸ್ರು ಕೂರ್ತಾರವ್ವ, ನಮಗ್ಯಾಕೆ” ಎಂದರು. ಕೊನೆಗೆ ಡೈರಿ ಗೋಡೆಗೆ ಸೈಜುಗಲ್ಲಿನ ಜಗಲಿ ಕಟ್ಟಿ, ಮೇಲೊಂದು ಶೀಟು, ಒಂದು ಲೈಟು ಹಾಕಿಸಿದೆವು. ಇವತ್ತು ಆ ಊರಲ್ಲಿ ಜಾಸ್ತಿ ಜನ ಕೂರುವ ಜಾಗ ಅದೇ. ಸಭೆಯ ಮಾತನ್ನಷ್ಟೇ ನಂಬಿದ್ದರೆ ಅದು ಆಗುತ್ತಲೇ ಇರಲಿಲ್ಲ, ಅಲ್ವಾ?

ಹಾಗಾಗಿ ನೀವೂ ಸಭೆ ಕರೆಯುವ ಮೊದಲು ಬಯಲಲ್ಲೇ ಕೂತು ಕೇಳಿ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ದೀಪ ಹಚ್ಚುವ ಹೊತ್ತಿಗೆ ಒಮ್ಮೆ. ಆಮೇಲೆ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಬಯಲಿನ ನಕ್ಷೆ ಬರೆಸಿ. 1980ರ ದಶಕದ ಕೊನೆಯಲ್ಲೇ ಗ್ರಾಮಾಭಿವೃದ್ಧಿ ಕೆಲಸ ಮಾಡುವ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆಯವರು ನಮ್ಮ ರಾಜ್ಯದ ಹಳ್ಳಿಗಳಲ್ಲಿ ಹೀಗೆ ಜನರಿಂದಲೇ ನೆಲದ ಮೇಲೆ ನಕ್ಷೆ ಬರೆಸುತ್ತಿದ್ದರು. ಕಾಗದದ ಪ್ಲಾನ್ ತೋರಿಸಿದರೆ ಓದು ಬಾರದವರು ಸುಮ್ನೆ ತಲೆ ಆಡಿಸುತ್ತಾರೆ. ನೆಲದ ಮೇಲಿನ ಗೆರೆಯನ್ನು ಕಾಲಲ್ಲಿ ಒರೆಸಿ “ಇಲ್ಲಿ ಅಲ್ಲ, ಅಲ್ಲಿ” ಅನ್ನಲು ಯಾರಿಗೂ ಸಂಕೋಚ ಇರಲ್ಲ. ತೇರು ಎಲ್ಲಿ ತಿರುಗುತ್ತದೆ, ಶೇಂಗಾ ಎಲ್ಲಿ ಒಣಗಿಸುತ್ತಾರೆ, ದನ ಗೋಕಟ್ಟೆಗೆ ಯಾವ ದಾರಿಯಲ್ಲಿ ಹೋಗುತ್ತವೆ, ಮಳೆ ನೀರು ಎತ್ತ ಹರಿಯುತ್ತದೆ, ಎಲ್ಲ ಅದರಲ್ಲಿ ಬರಲಿ. ತಿಪ್ಪೆ ಹಾಕುವವರನ್ನೂ ಕರೆಯಿರಿ. ಅವರಿಗೆ ಬೇರೆ ಜಾಗ ತೋರಿಸದೆ ಇಲ್ಲಿಂದ ಎತ್ತಿಸಿದರೆ ತಿಂಗಳಲ್ಲಿ ಮತ್ತೆ ತಿಪ್ಪೆ ಬೀಳುತ್ತದೆ.

ಪೂರ್ತಿ ಕಾಂಕ್ರೀಟ್ ಮಾತ್ರ ಬೇಡವೇ ಬೇಡ. ನಮ್ಮ ಬಯಲುಸೀಮೆ ಬಿಸಿಲಿಗೆ ಮಧ್ಯಾಹ್ನ ಅದರ ಮೇಲೆ ಕಾಲಿಡಲು ಆಗಲ್ಲ. ನೆಲದ ಮಟ್ಟ ಏರಿದರೆ ಮಳೆ ನೀರು ಸುತ್ತಲಿನ ಮನೆಗಳಿಗೆ ನುಗ್ಗುತ್ತದೆ. ಅರಳಿ ಮರದ ಬುಡಕ್ಕೂ ಸಿಮೆಂಟ್ ಬಿಗಿಯಬೇಡಿ. ಸುತ್ತ ಮೂರು ನಾಲ್ಕು ಅಡಿ ಮಣ್ಣು ಬಿಡಿ, ಬೇರಿಗೆ ನೀರು ಇಳಿಯಬೇಕು. ಜಾಲಿಯನ್ನು ಮೇಲೆ ಕಡಿದರೆ ಮತ್ತೆ ಚಿಗುರುತ್ತದೆ. ಬುಡಸಮೇತ ಕೀಳಿಸಿ.

ಜಿಮ್ ಆಗಲಿ, ಬೆಂಚಾಗಲಿ, ಒಂದು ತಿಂಗಳು ಪರೀಕ್ಷೆ ಮಾಡಿ. ಸುಣ್ಣದ ಗೆರೆ ಎಳೆಯಿರಿ. ಹಳೇ ಚಪ್ಪಡಿ ಕಲ್ಲು ಇಟ್ಟು ಮೇಲೆ ಗರಿ ಚಪ್ಪರ ಹಾಕಿ. ಜನ ಕೂತರೆ ಅಲ್ಲೇ ಕಟ್ಟಿಸಿ, ಕೂರದಿದ್ದರೆ ಕಲ್ಲು ಎತ್ತಿ ಬೇರೆ ಕಡೆ ಇಡಿ. ಇದಕ್ಕೆ ಹೆಚ್ಚು ದುಡ್ಡೂ ಬೇಡ.

ಇದೆಲ್ಲಕ್ಕಿಂತ ಮೊದಲು ಹದ್ದುಬಸ್ತು, ಅಂದರೆ ಸರ್ವೆಯವರಿಂದ ಬಯಲಿನ ಗಡಿ ಅಳತೆ, ಮಾಡಿಸಿಕೊಳ್ಳಿ. ಒತ್ತುವರಿ ಇದ್ದರೆ ಈಗಲೇ ಗೊತ್ತಾಗಲಿ. ಊರಿನ ಸಾಮೂಹಿಕ ಜಾಗದ ಒತ್ತುವರಿ ತೆರವು ಮಾಡಿಸಬೇಕೆಂದು 2011ರಲ್ಲೇ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೆ ಹೇಳಿದೆ.

ಪ್ರಶ್ನೆ: ಗ್ರಾಮ ಸಭೆಯಲ್ಲಿ ನಮ್ಮ ಮಾತು ಯಾರೂ ಬರೆದುಕೊಳ್ಳುವುದೇ ಇಲ್ಲ. ಏನು ಮಾಡುವುದು?
– ಸ್ತ್ರೀಶಕ್ತಿ ಸಂಘದ ಸದಸ್ಯೆ, ಹೊಳಲ್ಕೆರೆ

ಉತ್ತರ: ಬಾಯಲ್ಲಿ ಹೇಳಿ ಬರಬೇಡಿ, ಅರ್ಜಿ ಬರೆದು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ, ಗ್ರಾಮ ಸಭೆ ನಡೆಯಲೇಬೇಕು. ವಾರ್ಡ್ ಸಭೆಗೆ ಸಂಘದವರೆಲ್ಲ ಒಟ್ಟಿಗೆ ಹೋಗಿ. ನಿಮ್ಮ ಬೇಡಿಕೆ ನಡಾವಳಿ ಪುಸ್ತಕಕ್ಕೆ ಏರಿದೆಯಾ ಎಂದು ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ. ಮಕ್ಕಳ ಗ್ರಾಮ ಸಭೆಯಲ್ಲಿ ಆಟದ ಜಾಗ ಕೇಳಲು ನಿಮ್ಮ ಹೆಣ್ಣುಮಕ್ಕಳಿಗೂ ಹೇಳಿಕೊಡಿ.