ನೈಲ್ ಅಣೆಕಟ್ಟಿನ ಜಗಳ: ವಿ.ಸಿ. ನಾಲೆಯ ಕೊನೇ ಭಾಗದಿಂದ ಒಂದು ಉತ್ತರ

ಪ್ರಶ್ನೆ: ಇಥಿಯೋಪಿಯಾ ತನ್ನ ನೆಲದಲ್ಲಿ, ತನ್ನದೇ ದುಡ್ಡಿನಲ್ಲಿ ನೈಲ್ ನದಿಗೆ ದೊಡ್ಡ ಅಣೆಕಟ್ಟು ಕಟ್ಟಿದೆ. ಅದು ಕರೆಂಟಿಗಾಗಿ ಕಟ್ಟಿದ್ದು, ನೀರು ಮತ್ತೆ ನದಿಗೇ ಹೋಗುತ್ತದೆ. ಆದರೂ ಈಜಿಪ್ಟ್ ಯಾಕೆ ಇಷ್ಟು ಗಲಾಟೆ ಮಾಡುತ್ತಿದೆ? ಇದೂ ನಮ್ಮ ಕಾವೇರಿ ಜಗಳದ ಥರವೇನಾ?

ಉತ್ತರ:

ನೀವು ಹೇಳಿದ್ದೆಲ್ಲ ನಿಜ. ನೆಲ ಅವರದು, ದುಡ್ಡು ಅವರದು, ಟರ್ಬೈನ್ ತಿರುಗಿಸಿದ ನೀರು ನದಿಗೇ ವಾಪಸ್ ಬೀಳುತ್ತದೆ. ಹಾಗಂತ ಈಜಿಪ್ಟಿನ ಭಯ ಸುಳ್ಳು ಅಂತ ಅಲ್ಲ. ಮಳೆ ಚೆನ್ನಾಗಿ ಆದ ವರ್ಷ ಯಾವ ಅಣೆಕಟ್ಟಿನಿಂದಲೂ ಜಗಳ ಬರುವುದಿಲ್ಲ. ಮಳೆ ಕೈಕೊಟ್ಟ ವರ್ಷ ಇರುವಷ್ಟು ನೀರಲ್ಲಿ ಯಾರು ಎಷ್ಟು ಬಿಡಬೇಕು ಅನ್ನುವುದನ್ನು ಮೊದಲೇ ಬರೆದಿಡದೆ ಇದ್ದರೆ ಮಾತ್ರ ಬರುತ್ತದೆ. ಅಲ್ಲಿ ಅದನ್ನು ಬರೆದಿಟ್ಟಿಲ್ಲ.

ನಾನು ಮದ್ದೂರು ತಾಲ್ಲೂಕಿನವನು. ಕನ್ನಂಬಾಡಿ ಕಟ್ಟೆಯಿಂದ (ಕೆ.ಆರ್.ಎಸ್.) ಬರುವ ವಿಶ್ವೇಶ್ವರಯ್ಯ ನಾಲೆಯ, ಅಂದರೆ ವಿ.ಸಿ. ನಾಲೆಯ, ಕೊನೇ ಭಾಗದಲ್ಲಿ ಜಮೀನಿದೆ. ಕಾವೇರಿ ವಿಷಯಕ್ಕೆ ಬಂದರೆ ತಮಿಳುನಾಡಿಗೆ ನಾವು ಮೇಲಿನವರು, ನಾಲೆ ವಿಷಯಕ್ಕೆ ಬಂದರೆ ಪಾಂಡವಪುರ, ಶ್ರೀರಂಗಪಟ್ಟಣದವರಿಗೆ ಕೆಳಗಿನವರು. ಈ ಎರಡೂ ಜಾಗದಲ್ಲಿ ನಿಂತು ನೋಡಿರುವುದರಿಂದ ಇದರ ಬಗ್ಗೆ ಓದಿಕೊಂಡಿದ್ದೇನೆ, ಬರೆಯುತ್ತಿದ್ದೇನೆ.

ಮೊದಲು ಗಾತ್ರ ನೋಡಿ. ಗ್ರ್ಯಾಂಡ್ ಇಥಿಯೋಪಿಯನ್ ರಿನೈಸಾನ್ಸ್ ಡ್ಯಾಮ್ ಇರುವುದು ನೈಲ್‌ನ ದೊಡ್ಡ ಉಪನದಿ ಬ್ಲೂ ನೈಲ್ ಮೇಲೆ, ಸುಡಾನ್ ಗಡಿಗೆ ತೀರಾ ಹತ್ತಿರ. ಇಥಿಯೋಪಿಯಾದವರು ಆ ನದಿಯನ್ನು ಅಬಾಯ್ ಅನ್ನುತ್ತಾರೆ. 2011ರ ಏಪ್ರಿಲ್‌ನಲ್ಲಿ ಶಂಕುಸ್ಥಾಪನೆ ಆಯಿತು, 2025ರ ಸೆಪ್ಟೆಂಬರ್ 9ರಂದು ಉದ್ಘಾಟನೆ. ಎತ್ತರ 145 ಮೀಟರ್, ಉದ್ದ ಸುಮಾರು 1.8 ಕಿಲೋಮೀಟರ್. ಉದ್ದದಲ್ಲಿ ನಮ್ಮ ಕನ್ನಂಬಾಡಿಯೇ ದೊಡ್ಡದು, ಅದು 2.6 ಕಿಲೋಮೀಟರ್. ಆದರೆ ಎತ್ತರದಲ್ಲಿ ಕನ್ನಂಬಾಡಿ 130 ಅಡಿ, ಅಂದರೆ ಸುಮಾರು 40 ಮೀಟರ್ ಅಷ್ಟೆ. ಅಲ್ಲಿ ನಿಲ್ಲುವ ನೀರು 7,400 ಕೋಟಿ ಘನ ಮೀಟರ್. ನಮ್ಮ ಲೆಕ್ಕಕ್ಕೆ ತಂದರೆ ಸುಮಾರು 2,600 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಕೆ.ಆರ್.ಎಸ್. ತುಂಬಿದಾಗ ಇರುವುದು 49.45 ಟಿಎಂಸಿ. ಐವತ್ತಕ್ಕೂ ಹೆಚ್ಚು ಕನ್ನಂಬಾಡಿ ಒಂದೇ ಕಟ್ಟೆಯಲ್ಲಿ. ಆ ಜಾಗದಲ್ಲಿ ಬ್ಲೂ ನೈಲ್‌ನಲ್ಲಿ ವರ್ಷಕ್ಕೆ ಸರಾಸರಿ ಹರಿಯುವ ನೀರು ಸುಮಾರು 1,700 ಟಿಎಂಸಿ. ಅಂದರೆ ಒಂದೂವರೆ ವರ್ಷದ ಇಡೀ ನದಿಯನ್ನು ನಿಲ್ಲಿಸಿಕೊಳ್ಳುವ ಜಾಗ ಅದು. ಈಜಿಪ್ಟಿಗೆ ಬರುವ ನೈಲ್ ನೀರಿನಲ್ಲಿ ಸುಮಾರು ಶೇ 85ರಷ್ಟು ಇಥಿಯೋಪಿಯಾದ ಬೆಟ್ಟಗಳಿಂದ ಇಳಿಯುವುದು, ಅದರಲ್ಲಿ ಬ್ಲೂ ನೈಲ್‌ನದೇ ದೊಡ್ಡ ಪಾಲು. ಹತ್ತು ಕೋಟಿಗೂ ಮೀರಿದ ಈಜಿಪ್ಟಿನ ಜನ ಬಹುತೇಕ ಎಲ್ಲರೂ ಆ ಒಂದು ನದಿಯ ಅಂಚಿನಲ್ಲೇ ಬದುಕುತ್ತಾರೆ. ಅಲ್ಲಿ ಮಳೆ ಅನ್ನುವುದು ಹೆಸರಿಗೆ ಮಾತ್ರ.

ಇನ್ನು ಇಥಿಯೋಪಿಯಾದ ಕಡೆ ನಿಂತು ನೋಡೋಣ. ನಮ್ಮ ಮೈಸೂರಿನ ಕಥೆ ಗೊತ್ತಿರುವವರಿಗೆ ಇದು ತಕ್ಷಣ ಅರ್ಥವಾಗುತ್ತದೆ. 1892ರ ಒಪ್ಪಂದದಲ್ಲಿ ಮದ್ರಾಸಿನ ಒಪ್ಪಿಗೆ ಇಲ್ಲದೆ ಮೈಸೂರು ಸಂಸ್ಥಾನ ಕಾವೇರಿಗೆ ಹೊಸ ಕಟ್ಟೆ ಕಟ್ಟುವಂತಿರಲಿಲ್ಲ. ಹತ್ತು ವರ್ಷದ ಮೇಲೆ, 1902ರಲ್ಲಿ, ಇದೇ ಬ್ರಿಟಿಷರು ಇಥಿಯೋಪಿಯಾದ ಚಕ್ರವರ್ತಿ ಎರಡನೇ ಮೆನೆಲಿಕ್ ಜೊತೆ ಒಪ್ಪಂದ ಮಾಡಿಕೊಂಡು, ತಮ್ಮ ಒಪ್ಪಿಗೆ ಇಲ್ಲದೆ ಬ್ಲೂ ನೈಲ್‌ಗೆ ನೀರು ತಡೆಯುವಂಥ ಕಟ್ಟೆ ಕಟ್ಟುವುದಿಲ್ಲ ಅಂತ ಬರೆಸಿಕೊಂಡರು. ಎರಡೂ ಕಡೆ ಕೆಳಗಿನ ನೆಲ ಅವರ ಕೈಲಿತ್ತು. 1929ರಲ್ಲಿ ಬ್ರಿಟನ್ ಮತ್ತು ಈಜಿಪ್ಟ್ ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡವು. 1959ರಲ್ಲಿ ಈಜಿಪ್ಟ್ ಮತ್ತು ಸುಡಾನ್ ಕೂತು ಇಡೀ ನದಿಯನ್ನು ಹಂಚಿಕೊಂಡವು. ಈಜಿಪ್ಟಿಗೆ ಸುಮಾರು 1,960 ಟಿಎಂಸಿ, ಸುಡಾನಿಗೆ 650. ಆವಿಯಾಗಿ ಹೋಗುವುದಕ್ಕೆ ಅಂತ ತೆಗೆದಿಟ್ಟಿದ್ದೇ ಸುಮಾರು 350 ಟಿಎಂಸಿ. ಸುಪ್ರೀಂ ಕೋರ್ಟ್ ಇಡೀ ಕರ್ನಾಟಕಕ್ಕೆ ಕಾವೇರಿಯಲ್ಲಿ ಕೊಟ್ಟಿರುವುದು 284.75 ಟಿಎಂಸಿ ಅನ್ನುವುದನ್ನು ನೆನಪಿಟ್ಟುಕೊಂಡು ಆ ಅಂಕಿ ಓದಿ. ನೀರು ಹುಟ್ಟುವ ದೇಶಕ್ಕೆ ಆ ಪಟ್ಟಿಯಲ್ಲಿ ಒಂದು ಹನಿಯೂ ಇರಲಿಲ್ಲ, ಅವರನ್ನು ಕರೆದು ಕೂರಿಸಲೂ ಇಲ್ಲ.

ಮೈಸೂರು ಆಗ ಏನು ಮಾಡಿತು? 1911ರಲ್ಲಿ ಕನ್ನಂಬಾಡಿ ಕೆಲಸ ಶುರುವಾದಾಗ ಮೈಸೂರು ಕೇಳಿದ್ದು 41.5 ಟಿಎಂಸಿ, ಮದ್ರಾಸು ಒಪ್ಪಿದ್ದು ಮೊದಲ ಹಂತದ 11 ಟಿಎಂಸಿಗೆ. ವಿಶ್ವೇಶ್ವರಯ್ಯನವರು ತಳಪಾಯವನ್ನು ದೊಡ್ಡ ಕಟ್ಟೆಗೆ ತಕ್ಕ ಹಾಗೆಯೇ ಅಗಲವಾಗಿ ಹಾಕಿಸಿದರು. ಮದ್ರಾಸು ತಕರಾರು ತೆಗೆಯಿತು, ಪಂಚಾಯ್ತಿ ಆಯಿತು, 1914ರ ತೀರ್ಪು ಲಂಡನ್ನಿನವರೆಗೂ ಹೋಯಿತು, ಕೊನೆಗೆ 1924ರಲ್ಲಿ ಒಪ್ಪಂದ. ಮೇಲೆ ಕನ್ನಂಬಾಡಿ, ಕೆಳಗೆ ತಮಿಳುನಾಡಿನ ಮೆಟ್ಟೂರು. ಮಂಡ್ಯ ಜಿಲ್ಲೆ ಹಸಿರಾಗಿದ್ದು ಆಮೇಲೆ. ಅಪ್ಪ ತಾತಂದಿರ ಕಾಲದಲ್ಲಿ ರಾಗಿ, ಹುರುಳಿ ಬಿಟ್ಟರೆ ಗತಿಯಿಲ್ಲದ ಹೊಲಗಳಿಗೆ ಭತ್ತ, ಕಬ್ಬು ಬಂತು. ಇವತ್ತಿಗೂ ನಮ್ಮ ಕಡೆಯ ಮನೆಗಳಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ವಿಶ್ವೇಶ್ವರಯ್ಯನವರ ಫೋಟೊ ದೇವರ ಫೋಟೊಗಳ ಪಕ್ಕದಲ್ಲೇ ಇರುತ್ತವೆ. ಕಟ್ಟೆಗೆ ದುಡ್ಡು ಸಾಲದೆ ಅರಮನೆಯ ಒಡವೆ ಮಾರಿದರು ಅನ್ನುವ ಮಾತು ಚಿಕ್ಕ ಮಕ್ಕಳ ಬಾಯಲ್ಲೂ ಇದೆ. ಇಥಿಯೋಪಿಯಾದಲ್ಲೂ ಹಾಗೇ. ಜಗಳದ ನದಿ ಅಂತ ಹೊರಗಿನ ಬ್ಯಾಂಕುಗಳು ಸಾಲ ಕೊಡಲು ಮುಂದೆ ಬರಲಿಲ್ಲ. ಸರ್ಕಾರಿ ನೌಕರರು ಸಂಬಳದಲ್ಲಿ ಕೊಟ್ಟರು, ಜನಸಾಮಾನ್ಯರು ಬಾಂಡ್ ಕೊಂಡರು. ಅರ್ಧದಷ್ಟು ಜನರ ಮನೆಗೆ ಕರೆಂಟಿಲ್ಲದ ದೇಶ 5,000 ಮೆಗಾವ್ಯಾಟ್ ದಾಟುವ ವಿದ್ಯುತ್ ಕೇಂದ್ರ ಕಟ್ಟಿಕೊಂಡಿತು. ಅವರು ಕಟ್ಟಬಾರದಿತ್ತು ಅನ್ನುವುದಕ್ಕೆ ಮಂಡ್ಯದವನಾದ ನನಗೆ ಬಾಯಿ ಬರುವುದಿಲ್ಲ.

ಹಾಗಾದರೆ ಈಜಿಪ್ಟಿನ ಭಯಕ್ಕೆ ಅರ್ಥ ಎಲ್ಲಿದೆ? ಇದನ್ನು ನಮ್ಮ ನಾಲೆಯ ಮೇಲೆ ನಿಂತೇ ಹೇಳುತ್ತೇನೆ.

ಕಟ್ಟೆಯಲ್ಲಿ ನೀರು ಕಡಿಮೆ ಇದ್ದ ವರ್ಷ ನಮ್ಮಲ್ಲಿ ಕಟ್ಟು ನೀರು ಪದ್ಧತಿ. ಇಷ್ಟು ದಿನ ಬಿಡುತ್ತಾರೆ, ಇಷ್ಟು ದಿನ ನಿಲ್ಲಿಸುತ್ತಾರೆ. ಕಾಗದದ ಮೇಲೆ ಎಲ್ಲರಿಗೂ ಒಂದೇ ಪಾಳಿ. ಆದರೆ ಬಿಟ್ಟ ನೀರು ಕೊನೇ ಭಾಗಕ್ಕೆ ಬರುವ ಹೊತ್ತಿಗೆ ನಿಲ್ಲಿಸುವ ದಿನ ಬಂದಿರುತ್ತದೆ. ಪಕ್ಕದ ಗದ್ದೆಯ ಅಣ್ಣ ತೂಬಿನ ಹತ್ತಿರ ಕೂತು ಕೇಳುತ್ತಿದ್ದ: "ನೀರ್ ಬಿಟ್ಟವ್ರೆ ಅಂತ ಪೇಪರ್ನಾಗೆ ಬಂದದೆ, ನಮ್ ತೂಬ್ಗೆ ಬರೋದ್ ಯಾವಾಗ್ಲಾ?" ರಾತ್ರಿ ಟಾರ್ಚ್ ಹಿಡಿದು ನಾಲೆ ಏರಿಯ ಮೇಲೆ ಹತ್ತಿ ಹೋದರೆ ಮೇಲೆಲ್ಲೋ ಗೋಣಿಚೀಲಕ್ಕೆ ಮಣ್ಣು ತುಂಬಿ ಅಡ್ಡ ಹಾಕಿರುತ್ತಾರೆ. ಹಾಕಿದವನು ಕೆಟ್ಟವನೇನಲ್ಲ, ಅವನ ಭತ್ತವೂ ಹೊಡೆ ಬರುವ ಹೊತ್ತಿಗೆ ಒಣಗುತ್ತಿರುತ್ತದೆ. ಚೀಲ ತೆಗೆದರೆ ಅವನ ಪೈರು ಹೋಯಿತು, ಬಿಟ್ಟರೆ ನಮ್ಮದು ಹೋಯಿತು.

ಆದರೆ ಕೊನೇ ಭಾಗದವನನ್ನು ಹೆಚ್ಚು ಸುಡುವುದು ನೀರು ಕಮ್ಮಿ ಆಗಿದ್ದಕ್ಕಿಂತ ಮೊದಲೇ ಗೊತ್ತಾಗದೆ ಹೋಗಿದ್ದು. ಈ ಸಲ ಭತ್ತಕ್ಕೆ ನೀರಿಲ್ಲ ಅಂತ ಆರಂಭದಲ್ಲೇ ಖಚಿತವಾಗಿ ಹೇಳಿದರೆ ಒಟ್ಲು (ಭತ್ತದ ಸಸಿಮಡಿ) ಬಿಡುವುದಿಲ್ಲ, ರಾಗಿ ಚೆಲ್ಲಿ ಸುಮ್ಮನಾಗುತ್ತೇವೆ. ಒಟ್ಲು ಬಿಟ್ಟು, ಉಳುಮೆ ಮಾಡಿಸಿ, ಆಳು ಕರೆದು ನಾಟಿ ಹಾಕಿ, ಗೊಬ್ಬರ ಚೆಲ್ಲಿದ ಮೇಲೆ ನೀರು ನಿಂತರೆ ಸಾಲ ಮಾತ್ರ ಉಳಿಯುತ್ತದೆ.

ಇದನ್ನು ಇಟ್ಟುಕೊಂಡು ನೈಲ್ ನೋಡಿ. 2020ರ ಜುಲೈನಲ್ಲಿ ಇಥಿಯೋಪಿಯಾ ಮೊದಲ ಸಲ ನೀರು ನಿಲ್ಲಿಸಿತು, ಕೆಳಗಿನವರ ಜೊತೆ ಒಪ್ಪಂದವಾಗದೆಯೇ. ಸುಡಾನಿನಲ್ಲಿ ನದಿ ತಗ್ಗಿ ಖಾರ್ಟೂಮ್ ಕಡೆಯ ಕೆಲವು ಕುಡಿಯುವ ನೀರಿನ ಘಟಕಗಳು ನಿಂತುಹೋದವು. ನಿಲ್ಲಿಸಿದ ನೀರು ಹೆಚ್ಚೇನಲ್ಲ, ಇಂಥ ದಿನ ಇಷ್ಟು ತಗ್ಗುತ್ತದೆ ಅಂತ ಹೇಳಿದ್ದರೆ ಅವರು ಪೈಪು ಇಳಿಸಿಕೊಳ್ಳುತ್ತಿದ್ದರು. 2025ರಲ್ಲಿ ಇದರ ಉಲ್ಟಾ ಆಯಿತು. ಉದ್ಘಾಟನೆ ಮುಗಿದು ಕೆಲವೇ ವಾರಕ್ಕೆ ಸುಡಾನಿನಲ್ಲೂ ಈಜಿಪ್ಟಿನ ಡೆಲ್ಟಾದಲ್ಲೂ ಹೊಲಗಳಿಗೆ ನೀರು ನುಗ್ಗಿತು. ಹೇಳದೆ ಕೇಳದೆ ನೀರು ಬಿಟ್ಟರು ಅಂತ ಈಜಿಪ್ಟ್ ದೂರಿತು, ಇಥಿಯೋಪಿಯಾ ಅಲ್ಲಗಳೆಯಿತು. ಯಾರ ಮಾತು ಸರಿ ಅಂತ ತೀರ್ಮಾನಿಸಲು ಎರಡೂ ಕಡೆ ಒಪ್ಪಿದ ಒಂದು ಮಾಪನ ಕೇಂದ್ರವಿಲ್ಲ. ನಮ್ಮಲ್ಲಿ ಬಿಳಿಗುಂಡ್ಲು ಇದೆ. ಅಲ್ಲಿ ಕೇಂದ್ರ ಜಲ ಆಯೋಗ ಅಳೆದ ಅಂಕಿಯ ಮೇಲೆ ಎರಡೂ ರಾಜ್ಯ ವಾದ ಮಾಡುತ್ತವೆ. ಎಷ್ಟೇ ಕೋಪವಿದ್ದರೂ ಅಂಕಿ ಒಂದೇ.

ಸುಡಾನಿಗೆ ಈ ಕಟ್ಟೆಯಿಂದ ಲಾಭವೂ ಇದೆ ಅನ್ನುವುದನ್ನು ಹೇಳಲೇಬೇಕು. ಬ್ಲೂ ನೈಲ್‌ನ ಹೆಚ್ಚಿನ ನೀರೆಲ್ಲ ಜುಲೈನಿಂದ ಅಕ್ಟೋಬರ್ ಒಳಗೆ ಪ್ರವಾಹವಾಗಿ ಬರುತ್ತದೆ. ಇನ್ನು ಮುಂದೆ ವರ್ಷವಿಡೀ ಒಂದೇ ಸಮ ಬರುತ್ತದೆ, ಹೂಳೂ ಕಮ್ಮಿ.

ಈಗ ನಿಜವಾದ ಗಂಟಿಗೆ ಬರೋಣ. ಈಜಿಪ್ಟಿಗೆ ಆಸ್ವಾನ್ ಹೈ ಡ್ಯಾಮ್ ಇದೆ, 1970ರಲ್ಲಿ ಮುಗಿದಿದ್ದು, ಅದರ ಸಾಮರ್ಥ್ಯ 5,500 ಟಿಎಂಸಿಗೂ ಮೇಲೆ. ಒಂದು ವರ್ಷ ಮಳೆ ಹೋದರೆ ಈಜಿಪ್ಟಿಗೆ ಏನೂ ಆಗುವುದಿಲ್ಲ. 1980ರ ದಶಕದಲ್ಲಿ ಇಥಿಯೋಪಿಯಾದಲ್ಲಿ ವರ್ಷದ ಮೇಲೆ ವರ್ಷ ಬರ ಬಿತ್ತು. ಆಸ್ವಾನ್ ಹಿಂದಿನ ಸರೋವರ 1988ರ ಹೊತ್ತಿಗೆ ತಳ ಕಾಣುವ ಹಾಗಾಯಿತು. ಅಷ್ಟರಲ್ಲಿ ಮಳೆ ಬಂದು ಈಜಿಪ್ಟ್ ಬಚಾವಾಯಿತು. ಅಂಥ ಬರ ಇನ್ನೊಮ್ಮೆ ಬಂದರೆ ಈಗ ಎರಡು ಕಟ್ಟೆ ಒಟ್ಟಿಗೆ ಖಾಲಿಯಾಗುತ್ತವೆ. ಬರ ಮುಗಿದು ಮೊದಲ ಮಳೆ ಬಂದಾಗ ಯಾವ ಕಟ್ಟೆ ಮೊದಲು ತುಂಬಬೇಕು? ಮೇಲಿನದು ತುಂಬಲು ಹೊರಟರೆ ಈಜಿಪ್ಟಿನ ಬರ ಇನ್ನೂ ಎರಡು ಮೂರು ವರ್ಷ ಮುಂದುವರಿಯುತ್ತದೆ. 2015ರಲ್ಲಿ ಖಾರ್ಟೂಮ್‌ನಲ್ಲಿ ಮೂರೂ ದೇಶ ತತ್ವಗಳ ಘೋಷಣೆಗೆ ಸಹಿ ಹಾಕಿದವು, ಒಬ್ಬರಿಗೊಬ್ಬರು ಗಂಭೀರ ಹಾನಿ ಮಾಡುವುದಿಲ್ಲ ಅಂತ. ಬರಗಾಲದಲ್ಲಿ ಇಷ್ಟು ಬಿಡುತ್ತೇವೆ ಅನ್ನುವ ಅಂಕಿ ಅದರಲ್ಲಿಲ್ಲ. ವಾಷಿಂಗ್ಟನ್ ಮಾತುಕತೆಯಲ್ಲಿ ಆ ಅಂಕಿಯ ಹತ್ತಿರ ಬಂದು 2020ರ ಫೆಬ್ರವರಿಯಲ್ಲಿ ಇಥಿಯೋಪಿಯಾ ಸಹಿಗೆ ಹೋಗಲಿಲ್ಲ. ಭದ್ರತಾ ಮಂಡಳಿಗೂ ಹೋಯಿತು, ಆಫ್ರಿಕನ್ ಒಕ್ಕೂಟಕ್ಕೂ ಹೋಯಿತು, 2023ರ ಡಿಸೆಂಬರ್‌ನಲ್ಲಿ ಕೊನೆಯ ಸುತ್ತೂ ಮುರಿದುಬಿತ್ತು.

ಕಾವೇರಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ನಮಗೆ ಮೇಲೆ ಒಬ್ಬರಿದ್ದಾರೆ. 1990ರಲ್ಲಿ ನ್ಯಾಯಮಂಡಳಿ, 2007ರಲ್ಲಿ ತೀರ್ಪು, 2018ರಲ್ಲಿ ಸುಪ್ರೀಂ ಕೋರ್ಟ್, ಅದೇ ವರ್ಷ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ. ನೀರು ಕಮ್ಮಿಯಾದ ವರ್ಷ ಎಲ್ಲರ ಪಾಲೂ ಅದೇ ಅನುಪಾತದಲ್ಲಿ ಕಮ್ಮಿಯಾಗಬೇಕು ಅಂತ ತೀರ್ಪಿನಲ್ಲೇ ಇದೆ. ಆದರೂ 2016ರ ಸೆಪ್ಟೆಂಬರ್‌ನಲ್ಲಿ ದಿನಕ್ಕೆ 15,000 ಕ್ಯುಸೆಕ್ (ಸೆಕೆಂಡಿಗೆ ಇಷ್ಟು ಘನ ಅಡಿ) ಬಿಡಿ ಅಂತ ಆದೇಶ ಬಂದಾಗ ಮಂಡ್ಯ ಹೊತ್ತಿ ಉರಿಯಿತು, 2023ರಲ್ಲಿ 5,000 ಕ್ಯುಸೆಕ್ ಅಂದಾಗ ಮತ್ತೆ ಹೆದ್ದಾರಿ ಬಂದ್. ಅನುಪಾತ ಅಂದರೆ ಯಾವ ತಿಂಗಳು ಎಷ್ಟು ಅಂತ ಬಿಡಿಸಿ ಬರೆದ ಸಂಕಷ್ಟ ಸೂತ್ರ ನಮಗೇ ಇನ್ನೂ ಸಿಕ್ಕಿಲ್ಲ. ಕೋರ್ಟು, ಪ್ರಾಧಿಕಾರ, ಮಾಪನ ಎಲ್ಲ ಇರುವ ಒಂದೇ ದೇಶದೊಳಗೆ ಈ ಪಾಡು. ಅಲ್ಲಿ ದೇಶಗಳು ತಾವಾಗಿ ಒಪ್ಪದ ಹೊರತು ತೀರ್ಪು ಕೊಡುವ ಕೋರ್ಟು ಇಲ್ಲ. ಹಂಚಿಕೊಂಡ ನದಿಗಳ ಬಗ್ಗೆ ವಿಶ್ವಸಂಸ್ಥೆ 1997ರಲ್ಲಿ ಒಂದು ಒಡಂಬಡಿಕೆ ತಂದಿತು. ಮತದಾನದಲ್ಲಿ ಈಜಿಪ್ಟ್, ಇಥಿಯೋಪಿಯಾ ಎರಡೂ ತಟಸ್ಥ. ಭಾರತವೂ ತಟಸ್ಥವೇ, ಚೀನಾ ವಿರುದ್ಧ.

ಚೀನಾದ ಹೆಸರು ಬಂದಿದ್ದಕ್ಕೆ ಇದನ್ನೂ ಹೇಳುತ್ತೇನೆ. 2025ರ ಜುಲೈನಲ್ಲಿ ಅವರು ಟಿಬೆಟಿನಲ್ಲಿ ಬ್ರಹ್ಮಪುತ್ರದ ಮೇಲ್ಭಾಗಕ್ಕೆ ಭಾರೀ ಜಲವಿದ್ಯುತ್ ಯೋಜನೆ ಶುರು ಮಾಡಿದ್ದಾರೆ. ಅಲ್ಲಿ ನಾವು ಈಜಿಪ್ಟಿನ ಜಾಗದಲ್ಲಿದ್ದೇವೆ. "ಅವರ ನೆಲ, ಅವರ ದುಡ್ಡು, ನೀರು ವಾಪಸ್ ಬರುತ್ತಲ್ಲ" ಅಂತ ಅರುಣಾಚಲದವರಿಗೆ, ಅಸ್ಸಾಮಿನವರಿಗೆ ನಾವು ಹೇಳುತ್ತೇವಾ?

ನನ್ನ ತೀರ್ಮಾನ ಕೇಳಿದರೆ: ಇಥಿಯೋಪಿಯಾ ಕಟ್ಟಿದ್ದು ಸರಿ. ತನ್ನನ್ನು ಕರೆಯದೆ ಬರೆದ 1959ರ ಪಾಲನ್ನು ಒಪ್ಪಿಕೋ ಅಂತ ಈಜಿಪ್ಟ್ ಪಟ್ಟು ಹಿಡಿದಿದ್ದು ತಪ್ಪು. ಕಟ್ಟೆ ತುಂಬಿದ ಮೇಲೂ ಬರಗಾಲದ ಅಂಕಿಗೆ ಸಹಿ ಹಾಕುವುದಿಲ್ಲ ಅನ್ನುವ ಇಥಿಯೋಪಿಯಾದ ಹಟವೂ ತಪ್ಪು. ಕಟ್ಟೆ ತುಂಬಿಸುವ ವರ್ಷಗಳಲ್ಲಿ ಮಳೆ ಚೆನ್ನಾಗಿ ಆಗಿ ಎಲ್ಲರೂ ಪಾರಾದರು, ಕಟ್ಟೆಯೂ ತುಂಬಿದೆ. ಸೂತ್ರ ಬರೆಯಲು ಇದಕ್ಕಿಂತ ಒಳ್ಳೆ ಕಾಲ ಸಿಗುವುದಿಲ್ಲ, ಏಕೆಂದರೆ ಸದ್ಯಕ್ಕೆ ಯಾರ ಗದ್ದೆಯೂ ಒಣಗಿಲ್ಲ. ಅದರಲ್ಲಿ ಬೇಕಾದ್ದು ಮೂರೇ ಮಾತು: ದಿನದ ಒಳಹರಿವು ಹೊರಹರಿವು ಮೂರೂ ದೇಶಕ್ಕೆ ಕಾಣುವ ಹಾಗೆ ಹಾಕುವುದು, ಗೇಟು ಎತ್ತುವ ಇಳಿಸುವ ಮುಂಚೆ ಸುಡಾನಿಗೆ ಹೇಳುವುದು, ಸತತ ಬರ ಬಂದರೆ ಎರಡು ಕಟ್ಟೆಗಳನ್ನು ಯಾವ ಅನುಪಾತದಲ್ಲಿ ಇಳಿಸಿ ಯಾವ ಅನುಪಾತದಲ್ಲಿ ತುಂಬಿಸಬೇಕು ಅಂತ ಬರೆಯುವುದು. ಮೊದಲ ಎರಡಕ್ಕೆ ಒಪ್ಪಂದವೂ ಬೇಕಿಲ್ಲ, ಇಥಿಯೋಪಿಯಾ ನಾಳೆಯಿಂದಲೇ ಶುರು ಮಾಡಬಹುದು.