ಆ ಹುಡುಗನ ಕೈಲಿ ಹೇಳಿಸುವುದನ್ನು ನಿಲ್ಲಿಸಿ

ಓದುಗರ ಪತ್ರ: ನನ್ನ ಅಕ್ಕನ ಮಗನಿಗೆ 7 ವರ್ಷ. ಪಕ್ಕದ ಮನೆಯಲ್ಲಿ ನಡೆದ ಹಲ್ಲೆಯನ್ನು ಕಣ್ಣಾರೆ ನೋಡಿದವನು ಅವನೊಬ್ಬನೇ. ಈಗ ಸಮನ್ಸ್ ಬಂದಿದೆ. ಮರೆಯದಿರಲಿ ಅಂತ ದಿನಾ ರಾತ್ರಿ ಅವನ ಕೈಲಿ ಹೇಳಿಸುತ್ತಿದ್ದೇವೆ. ಇಷ್ಟು ಚಿಕ್ಕವನ ಮಾತನ್ನು ಕೋರ್ಟ್ ನಂಬುತ್ತದಾ?
– ಹೆಸರು ಬೇಡ ಎಂದ ಓದುಗರು

ಸಂಪಾದಕರ ಉತ್ತರ: ನಂಬಬಹುದು. ಆದರೆ ನಿಮ್ಮ ಪತ್ರದ ‘ದಿನಾ ರಾತ್ರಿ’ ಎಂಬ ಮಾತು ಓದಿ ನನಗೆ ನಿಜಕ್ಕೂ ಗಾಬರಿಯಾಯಿತು.

ವಯಸ್ಸಿನ ಚಿಂತೆ ಬಿಡಿ. ಸಾಕ್ಷಿ ಹೇಳಲು ಇಷ್ಟು ವರ್ಷ ತುಂಬಿರಬೇಕು ಅಂತ ನಮ್ಮ ಕಾನೂನಿನಲ್ಲಿ ಇಲ್ಲ. ಕೇಳಿದ್ದು ಅರ್ಥವಾಗಬೇಕು, ಅದಕ್ಕೆ ತಕ್ಕ ಉತ್ತರ ಕೊಡಲು ಬರಬೇಕು. 1872ರ ಸಾಕ್ಷ್ಯ ಕಾಯ್ದೆಯೂ ಇದನ್ನೇ ಹೇಳಿತ್ತು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 124ನೇ ಕಲಮೂ ಇದನ್ನೇ ಹೇಳುತ್ತದೆ. ಅದಕ್ಕೇ ಜಡ್ಜ್ ಮೊದಲು ಸಣ್ಣಪುಟ್ಟ ಪ್ರಶ್ನೆ ಕೇಳಿ ನೋಡುತ್ತಾರೆ. ಯಾವ ಕ್ಲಾಸು, ಟೀಚರ್ ಹೆಸರೇನು, ಸುಳ್ಳು ಹೇಳಬಹುದಾ, ಹೀಗೆ. 12 ವರ್ಷದೊಳಗಿನ ಮಗುವಿಗೆ ಪ್ರಮಾಣ ಎಂದರೇನೆಂದು ತಿಳಿಯದಿದ್ದರೆ ಪ್ರಮಾಣ ಮಾಡಿಸದೆಯೂ ಸಾಕ್ಷ್ಯ ಪಡೆಯಬಹುದು. ಮಧ್ಯಪ್ರದೇಶದ ಒಂದು ಕೇಸಿನಲ್ಲಿ, ಹೆಂಡತಿಯನ್ನು ಕೊಂದ ಆರೋಪದಿಂದ ಹೈಕೋರ್ಟ್ ಬಿಡುಗಡೆ ಮಾಡಿದ್ದವನನ್ನು ಸುಪ್ರೀಂ ಕೋರ್ಟ್ 2025ರ ಫೆಬ್ರುವರಿಯಲ್ಲಿ ಮತ್ತೆ ಅಪರಾಧಿ ಎಂದಿತು. ಅಲ್ಲಿ ಮುಖ್ಯ ಸಾಕ್ಷಿ ಅವನ 7 ವರ್ಷದ ಮಗಳು.

ಇನ್ನು ಹೇಳಿಸುವ ವಿಷಯ. ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು, ಲೈಕ್ಟ್‌ಮನ್ ಮತ್ತು ಸೆಸಿ, 1995ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಸ್ಯಾಮ್ ಸ್ಟೋನ್ ಎಂಬಾತ ಶಿಶುವಿಹಾರಕ್ಕೆ ಬಂದು ಎರಡು ನಿಮಿಷ ಇದ್ದು ಹೋದ. ಏನನ್ನೂ ಹಾಳು ಮಾಡಲಿಲ್ಲ. ಕೆಲವು ಮಕ್ಕಳಿಗೆ ಮೊದಲೇ ‘ಅವನು ಎಡವಟ್ಟು ಮನುಷ್ಯ’ ಅಂತ ಕಥೆ ಹೇಳಿದ್ದರು. ಆಮೇಲೆ ವಾರಗಟ್ಟಲೆ, ಅವನೇ ಪುಸ್ತಕ ಹರಿದ, ಗೊಂಬೆ ಕೊಳೆ ಮಾಡಿದ ಅನ್ನುವ ಹಾಗೆ ಪ್ರಶ್ನೆ ಕೇಳಿದರು. ಕೊನೆಗೆ ಹೊಸಬರೊಬ್ಬರು ಬಂದು ವಿಚಾರಿಸಿದಾಗ, 3-4 ವರ್ಷದ ಆ ಮಕ್ಕಳಲ್ಲಿ ನೂರಕ್ಕೆ 72 ಮಂದಿ ‘ಹೌದು’ ಅಂದರು. ಏನನ್ನೂ ತಲೆಗೆ ತುಂಬದೆ ಸುಮ್ನೆ ಕೇಳಿದ ಮಕ್ಕಳು ಬಹುಪಾಲು ಸರಿಯಾಗಿಯೇ ಹೇಳಿದ್ದರು.

ನಿಮ್ಮ ಹುಡುಗ ಅವರಿಗಿಂತ ದೊಡ್ಡವನು, ನಿಜ. ನೀವು ಸುಳ್ಳು ಕಲಿಸುತ್ತಿದ್ದೀರಿ ಅಂತಲೂ ನಾನು ಹೇಳುತ್ತಿಲ್ಲ. ಆದರೆ ‘ಅವನ ಕೈಲಿ ಕೋಲಿತ್ತು ಅಲ್ವಾ?’ ಅಂತ ಹತ್ತು ರಾತ್ರಿ ಕೇಳಿದರೆ, ತಾನು ನೋಡಿದ್ದು ಯಾವುದು, ಮನೆಯಲ್ಲಿ ಕೇಳಿಸಿಕೊಂಡಿದ್ದು ಯಾವುದು ಅಂತ ಅವನಿಗೇ ಗೊತ್ತಾಗದೆ ಹೋಗಬಹುದು. 7 ವರ್ಷದವನ ಬಾಯಲ್ಲಿ ‘ಆರೋಪಿಯು ದೊಣ್ಣೆಯಿಂದ ಹಲ್ಲೆ ನಡೆಸಿದನು’ ಅಂತ ಬಂದರೆ ಎದುರು ವಕೀಲರು ಬಿಡುತ್ತಾರಾ? ‘ಯಾರು ಹೇಳಿಕೊಟ್ಟಿದ್ದು ಪುಟ್ಟಾ?’ ‘ಅಮ್ಮ. ದಿನಾ ರಾತ್ರಿ.’ ಹೇಳಿಕೊಟ್ಟದ್ದನ್ನು ಬೇರ್ಪಡಿಸಿ ಉಳಿದದ್ದನ್ನು ನಂಬಲು ಕೋರ್ಟಿಗೆ ಅವಕಾಶವಿದೆ. ಆದರೆ ಎರಡೂ ಬೆರೆತುಹೋಗಿದ್ದರೆ, ಅವನು ಕಣ್ಣಾರೆ ಕಂಡ ನಿಜವೂ ಕೈತಪ್ಪುತ್ತದೆ.

ಇವತ್ತಿನಿಂದಲೇ ಹೇಳಿಸುವುದನ್ನು ನಿಲ್ಲಿಸಿ. ಅವನಾಗಿ ಮಾತು ತೆಗೆದರೆ ಕೇಳಿಸಿಕೊಳ್ಳಿ, ತಿದ್ದಬೇಡಿ. ‘ಗೊತ್ತಿಲ್ಲ’, ‘ನೆನಪಿಲ್ಲ’ ಅಂದರೆ ಯಾರೂ ಬೈಯಲ್ಲ ಅಂತ ತಿಳಿಸಿ. ಇಷ್ಟು ದಿನ ಹೇಳಿಸಿದ್ದನ್ನು ಸರ್ಕಾರಿ ವಕೀಲರಿಂದ ಮುಚ್ಚಿಡಬೇಡಿ. ‘ಮನೆಯಲ್ಲಿ ಹೇಳಿಸಿದರಾ?’ ಅಂತ ಕೋರ್ಟಿನಲ್ಲಿ ಕೇಳಿದರೆ ‘ಹೌದು’ ಅನ್ನು ಮಗಾ ಅಂತ ಅವನಿಗೂ ಹೇಳಿ.